ಮೆಟ್ರೋ, ಲಿಫ್ಟ್, ಛತ್ರ, ದರ್ಶನದ ಕ್ಯೂ: ಒಳಗೆ ಕಾಲಿಡೋಕೇ ಭಯ ಆಗೋವ್ರು ಎಲ್ಲಿಂದ ಶುರು ಮಾಡ್ಬೇಕು

ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ತನಕ ಬಂದು ವಾಪಸ್ ಹೋಗಿ ಆಟೋ ಹಿಡಿಯೋವ್ರು, ಆರನೇ ಫ್ಲೋರಿಗೂ ಮೆಟ್ಟಿಲು ಹತ್ಕೊಂಡೇ ಹೋಗೋವ್ರು, ಮದುವೇಲಿ ಅಕ್ಷತೆ ಹಾಕಿದ ತಕ್ಷಣ ಊಟ ಬಿಟ್ಟು ಮನೆಗೆ ಬಂದ್ಬಿಡೋವ್ರು, ಮಾಲ್ ಅಂದ್ರೆ ಏನೋ ನೆಪ ಹೇಳಿ ತಪ್ಪಿಸ್ಕೊಳ್ಳೋವ್ರು, ಇಂಥವ್ರು ನಮ್ಮ ಸುತ್ತ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಇದಾರೆ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. ನಮ್ಮ ಅತ್ತಿಗೆಗೆ ಮುಚ್ಚಿದ ಜಾಗ, ಜನಸಂದಣಿ ಅಂದ್ರೆ ಹೀಗೆ ಭಯ ವರ್ಷಗಟ್ಟಲೆ ಇತ್ತು, ಆಮೇಲೆ ಥೆರಪಿಸ್ಟ್ ಹತ್ರ ಹೋಗಿ ಅವರು ಹೇಳ್ಕೊಟ್ಟಿದ್ದನ್ನ ಮನೆಯವ್ರ ಜೊತೆ ಪ್ರಾಕ್ಟೀಸ್ ಮಾಡಿದ್ರು, ಅದ್ರಲ್ಲಿ ಸುಮಾರು ಸಲ ಜೊತೆಗೆ ಹೋದವನು ನಾನು. ಆಗ ಕಲಿತಿದ್ದು, ಆಮೇಲೆ ಓದಿ ತಿಳ್ಕೊಂಡಿದ್ದು ಎಲ್ಲ ಸೇರಿಸಿ ಬರೀತಿದೀನಿ.

ಮುಖ್ಯವಾದ ಮಾತು ಮೊದಲೇ ಹೇಳ್ಬಿಡ್ತೀನಿ. ಭಯ ಪೂರ್ತಿ ಹೋದ್ಮೇಲೆ ಒಳಗೆ ಹೋಗ್ತೀನಿ ಅಂತ ಕಾಯ್ತಾ ಕೂತ್ರೆ ಆ ದಿನ ಬರಲ್ಲ. ಭಯ ಇರೋವಾಗ್ಲೇ, ನಿಮ್ಮಿಂದ ಆಗೋ ಅಷ್ಟು ಚಿಕ್ಕ ಜಾಗಕ್ಕೆ ಹೋಗಿ, ಅದು ಸ್ವಲ್ಪನಾದ್ರೂ ಇಳಿಯೋ ತನಕ ಅಲ್ಲೇ ಇದ್ದು ಆಮೇಲೆ ಹೊರಗೆ ಬರ್ಬೇಕು. ಉಸಿರಾಟ, ಧ್ಯಾನ, ಮಾತ್ರೆ ಎಲ್ಲ ಇದಕ್ಕೆ ಸಹಾಯಕ್ಕೆ ಇರೋವು, ಇದರ ಬದಲಿಗೆ ಅಲ್ಲ.

ಮೈಯಲ್ಲಿ ಏನಾಗ್ತಿದೆ ಅಂತ ಗೊತ್ತಿದ್ರೆ ಅರ್ಧ ಕೆಲಸ ಆಯ್ತು

ಒಳಗೆ ಹೋದ ತಕ್ಷಣ ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ, ಉಸಿರು ಸಾಲಲ್ಲ ಅನ್ಸುತ್ತೆ, ಬೆರಳ ತುದಿ, ತುಟಿ ಜುಮುಜುಮು ಅನ್ನುತ್ತೆ, ತಲೆ ಹಗುರ ಆಗಿ ಇನ್ನೇನು ಬಿದ್ದೇಬಿಡ್ತೀನಿ ಅನ್ಸುತ್ತೆ. ಅಪಾಯ ಇದೆ ಅಂತ ಮೆದುಳು ತಪ್ಪಾಗಿ ತಿಳ್ಕೊಂಡು ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಬಿಡಿಸಿರುತ್ತೆ, ಓಡೋಕೆ ರೆಡಿಯಾಗು ಅಂತ. ಓಡೋದಿಲ್ವಲ್ಲ, ನಿಂತ ಜಾಗದಲ್ಲೇ ಜೋರಾಗಿ ಉಸಿರಾಡ್ತೀವಿ, ಅದ್ರಿಂದ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗುತ್ತೆ, ಜುಮುಜುಮು, ತಲೆಸುತ್ತು ಎಲ್ಲ ಅದರಿಂದ ಬರೋದು. ಅಂದ್ರೆ ಉಸಿರು ಸಾಲದೆ ಹಾಗಾಗ್ತಿಲ್ಲ, ಜಾಸ್ತಿ ಆಗಿ ಹಾಗಾಗ್ತಿದೆ. ಅದಕ್ಕೇ ಪಕ್ಕದಲ್ಲಿರೋವ್ರು "ಜೋರಾಗಿ ಉಸಿರು ಎಳ್ಕೋ, ಎಳ್ಕೋ" ಅಂದ್ರೆ ಕೆಲವರಿಗೆ ಇನ್ನೂ ಜಾಸ್ತಿ ಆಗೋದು.

ಇನ್ನೊಂದು ಭಯ, ಎಲ್ಲರ ಮುಂದೆ ಮೂರ್ಛೆ ಬಿದ್ದುಬಿಡ್ತೀನಿ ಅನ್ನೋದು. ಮೂರ್ಛೆ ಹೋಗೋದು ಸಾಮಾನ್ಯವಾಗಿ ಬಿಪಿ ತಟ್ಟನೆ ಇಳಿದಾಗ. ಪ್ಯಾನಿಕ್ ಆದಾಗ, ಅಂದ್ರೆ ಹೀಗೆ ಭಯ ತಟ್ಟನೆ ತಾರಕಕ್ಕೇರಿದಾಗ, ಬಿಪಿ ಏರಿರುತ್ತೆ, ಹಾಗಾಗಿ ಬೀಳೋದು ಅಪರೂಪ, ಬೀಳೋ ಹಾಗೆ ಅನ್ಸೋದು ಮಾತ್ರ ತೀರಾ ಸಾಮಾನ್ಯ. ರಕ್ತ ಅಥವಾ ಇಂಜೆಕ್ಷನ್ ನೋಡಿದ್ರೆ ಬೀಳೋವ್ರದ್ದು ಬೇರೆ ಕಥೆ, ಅವರಿಗೆ ಬಿಪಿ ನಿಜವಾಗ್ಲೂ ಇಳಿಯುತ್ತೆ. ಪ್ಯಾನಿಕ್ ಅಲೆ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯೋಕೆ ಶುರು ಆಗುತ್ತೆ, ನೀವು ಏನೂ ಮಾಡ್ದೆ ಇದ್ರೂ ಇಳಿಯುತ್ತೆ. ತುದೀಲಿದ್ದಾಗ ಓಡಿ ಬಂದ್ರೆ ಮಾತ್ರ "ಓಡಿ ಬಂದಿದ್ದಕ್ಕೆ ಬದುಕ್ಕೊಂಡೆ" ಅಂತ ಮೆದುಳು ಬರ್ಕೊಂಡ್ಬಿಡುತ್ತೆ, ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತೆ.

ಆದ್ರೆ ಇದನ್ನೆಲ್ಲ ಓದಿ ನೀವೇ ನಿಮಗೆ ಪ್ಯಾನಿಕ್ ಅಂತ ಹೆಸರು ಕೊಟ್ಕೊಳ್ಬೇಡಿ. ಮೊದಲನೇ ಸಲ ಎದೆನೋವು, ಉಸಿರಾಟದ ತೊಂದರೆ ಬಂದ್ರೆ ಡಾಕ್ಟರ ಹತ್ರ ಹೋಗಿ ಇಸಿಜಿ ಮಾಡಿಸ್ಲೇಬೇಕು, ವಯಸ್ಸು ಎಷ್ಟೇ ಇರ್ಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ಕೂಡ ನೋಡಿಸ್ಕೊಳ್ಳಿ, ಥೈರಾಯ್ಡ್ ಜಾಸ್ತಿ ಇದ್ರೂ ರಕ್ತ ಕಮ್ಮಿ ಇದ್ರೂ ಎದೆ ಹೀಗೇ ಹೊಡ್ಕೊಳ್ಳುತ್ತೆ. ದಿನಕ್ಕೆ ಎಷ್ಟು ಲೋಟ ಕಾಫಿ ಹೋಗ್ತಿದೆ ಅಂತಾನೂ ನೋಡ್ಕೊಳ್ಳಿ, ನಮ್ಮ ಸ್ಟ್ರಾಂಗ್ ಫಿಲ್ಟರ್ ಕಾಫಿ ಖಾಲಿ ಹೊಟ್ಟೆಗೆ ಬಿದ್ರೆ ಇಂಥ ಭಯ ಇರೋವ್ರಿಗೆ ಕೈ ನಡುಕ, ಎದೆಬಡಿತ ಎರಡೂ ಏರುತ್ತೆ.

ಪ್ರಾಕ್ಟೀಸ್ ಹೇಗೆ: ಮೆಟ್ರೋನೇ ಉದಾಹರಣೆ

ಭಯದ ಹತ್ರ ಮೆಟ್ಟಿಲು ಮೆಟ್ಟಿಲಾಗಿ ಹೋಗೋ ಈ ಪದ್ಧತಿ ಹೊಸದಲ್ಲ, ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಅನ್ನೋ ಡಾಕ್ಟರ್ 1950ರ ದಶಕದಲ್ಲೇ ಇದಕ್ಕೆ ಒಂದು ಕ್ರಮ ಹಾಕಿದ್ರು, ಭಯಕ್ಕೆ ನಂಬರ್ ಕೊಡೋ ಅಭ್ಯಾಸಾನೂ ಅವರಿಂದ್ಲೇ ಬಂದಿದ್ದು. ನೀವೂ ಒಂದು ಹಾಳೆ ತಗೊಂಡು ನಿಮ್ಮ ಭಯದ ಜಾಗಗಳನ್ನ ಬರೆದು ಪಕ್ಕದಲ್ಲಿ 0ಯಿಂದ 10ರೊಳಗೆ ನಂಬರ್ ಹಾಕಿ. ಮೂರು, ನಾಲ್ಕು ಇರೋದ್ರಿಂದ ಶುರು ಮಾಡಿ. ಸೊನ್ನೆ, ಒಂದು ಇರೋದ್ರಿಂದ ಮಾಡಿದ್ರೆ ಏನೂ ಕಲಿಯಲ್ಲ, ಒಂಬತ್ತು ಇರೋದಕ್ಕೆ ನುಗ್ಗಿದ್ರೆ ಮತ್ತೆ ಆ ಕಡೆ ತಲೆ ಹಾಕಲ್ಲ.

ಮೆಟ್ರೋ ಈ ಪ್ರಾಕ್ಟೀಸಿಗೆ ಒಳ್ಳೇ ಜಾಗ ಅಂತ ನಂಗನ್ಸುತ್ತೆ, ಯಾಕಂದ್ರೆ ಎರಡು ಸ್ಟೇಷನ್ ಮಧ್ಯೆ ಎರಡು ಮೂರು ನಿಮಿಷ ಅಷ್ಟೆ, ಬಾಗಿಲು ತೆಗೆದೇ ತೆಗೀತಾರೆ. ಮೊದಲು ಟ್ರೈನ್ ಹತ್ತೋದೇ ಬೇಡ, ಯಾವುದಾದ್ರೂ ಸ್ಟೇಷನ್ನಿಗೆ ಹೋಗಿ ಟಿಕೆಟ್ ಕೌಂಟರ್ ಇರೋ ಕಡೆ ಸುಮ್ನೆ ಓಡಾಡಿ, ಜನ ಬರೋದು ಹೋಗೋದು ನೋಡಿ. ಒಂದ್ಸಲ ಗೇಟ್ ದಾಟಿದ್ಮೇಲೆ ಒಳಗಿರೋಕೆ ಟೈಮ್ ಲಿಮಿಟ್ ಇದೆ ಅನ್ನೋದು ನೆನಪಿರ್ಲಿ, ಅದಕ್ಕೇ ಹೊರಗಡೇ ಭಾಗದಲ್ಲಿ ಪ್ರಾಕ್ಟೀಸ್ ಮಾಡಿ ಅಂದಿದ್ದು. ಆಮೇಲೆ ಭಾನುವಾರ ಬೆಳಿಗ್ಗೆ ಜನ ಕಮ್ಮಿ ಇದ್ದಾಗ ಮೇಲ್ಗಡೆ ಹೋಗೋ ಲೈನಲ್ಲಿ ಒಂದೇ ಒಂದು ಸ್ಟಾಪ್. ನೇರಳೆ ಲೈನಲ್ಲಿ ಇಂದಿರಾನಗರದಿಂದ ಎಂಜಿ ರೋಡ್ ಕಡೆ ಬಂದ್ರೆ ಪೂರ್ತಿ ಸೇತುವೆ ಮೇಲೇ ಹೋಗುತ್ತೆ, ಕಿಟಕಿಯಿಂದ ಊರು ಕಾಣುತ್ತೆ. 2025ರ ಆಗಸ್ಟಲ್ಲಿ ಶುರುವಾದ ಆರ್‌ವಿ ರೋಡ್ – ಬೊಮ್ಮಸಂದ್ರ ಹಳದಿ ಲೈನೂ ಪೂರ್ತಿ ಮೇಲೇನೇ, ದಕ್ಷಿಣದ ಕಡೆ ಇರೋವ್ರಿಗೆ ಅದು ಅನುಕೂಲ. ಒಂದು ಸ್ಟಾಪ್ ಬೋರ್ ಅನ್ನಿಸೋ ತನಕ ಮಾಡಿ, ಆಮೇಲೆ ಎರಡು, ಮೂರು.

ಅದು ಆದ್ಮೇಲೆ ಸುರಂಗ. ಎಂಜಿ ರೋಡ್ ಬಿಟ್ಟ ಸ್ವಲ್ಪ ಹೊತ್ತಿಗೇ ಟ್ರೈನ್ ಕೆಳಗೆ ಇಳಿಯುತ್ತೆ, ಮುಂದಿನ ಸ್ಟೇಷನ್ ಕಬ್ಬನ್ ಪಾರ್ಕ್, ಅದೇ ಮೊದಲನೇ ಭೂಮಿ ಕೆಳಗಿನ ಸ್ಟೇಷನ್. ಅಲ್ಲಿ ಇಳಿದು ಮೇಲೆ ಬಂದು ಪಾರ್ಕಲ್ಲಿ ಒಂದು ರೌಂಡ್ ಹಾಕಿ ಮತ್ತೆ ಹಾಗೇ ವಾಪಸ್ ಬನ್ನಿ. ಆಮೇಲೆ ವಿಧಾನಸೌಧ, ಆಮೇಲೆ ಸೆಂಟ್ರಲ್ ಕಾಲೇಜ್, ಆಮೇಲೆ ಮೆಜೆಸ್ಟಿಕ್. ಮೆಜೆಸ್ಟಿಕ್ಕಲ್ಲಿ ಹಸಿರು ಲೈನಿಗೆ ಬದಲಾಯಿಸೋದನ್ನ ಬೇರೇನೇ ಮೆಟ್ಟಿಲು ಅಂತ ಲೆಕ್ಕ ಹಾಕಿ, ಅಲ್ಲಿ ನಾಲ್ಕೂ ಕಡೆಯಿಂದ ಜನ ಒಂದೇ ಹಾಲ್‌ಗೆ ಬಂದು ಸೇರ್ತಾರೆ, ಸೌಂಡೂ ಜಾಸ್ತಿ. ಸಂಜೆ ಆರರ ರಶ್ಶು ಎಲ್ಲದಕ್ಕಿಂತ ಕೊನೆಗೆ.

ಅತ್ತಿಗೆ ಜೊತೆ ಮೊದಲ ಸಲ ಆ ಸುರಂಗಕ್ಕೆ ಹೋಗಿದ್ದು ಚೆನ್ನಾಗಿ ನೆನಪಿದೆ. ಟ್ರೈನ್ ಕೆಳಗೆ ಇಳೀತಿದ್ದಂಗೆ ಕಿಟಕಿ ಪೂರ್ತಿ ಕಪ್ಪಾಗಿ ಹೊರಗಡೆ ಬದಲು ನಮ್ಮ ಮುಖಗಳೇ ಕಾಣ್ಸೋಕೆ ಶುರುವಾಯ್ತು, ಅವರು ಕಂಬ ಹಿಡ್ಕೊಂಡಿದ್ದ ಕೈಯ ಗೆಣ್ಣೆಲ್ಲ ಬೆಳ್ಳಗಾಗಿತ್ತು. "ಎಷ್ಟು ಅತ್ತಿಗೆ?" ಅಂದೆ. "ಎಂಟು ಕಣೋ, ಮಾತಾಡಿಸ್ಬೇಡ." ಸುಮ್ನಿದ್ದೆ. ಕಬ್ಬನ್ ಪಾರ್ಕಲ್ಲಿ ಬಾಗಿಲು ತೆಗೀತು, ಇಳಿಯೋಣ ಅಂತ ನಾನು ಒಂದು ಹೆಜ್ಜೆ ಇಟ್ಟೆ, ಅವರು ತಲೆ ಅಲ್ಲಾಡಿಸಿ "ಇರು, ಈಗ ಇಳಿದ್ರೆ ಎಂಟಲ್ಲೇ ಇಳಿದಂಗಾಗುತ್ತೆ" ಅಂದ್ರು. ಟ್ರೈನ್ ಮುಂದೆ ಹೋಯ್ತು, ಮುಂದಿನ ಸ್ಟೇಷನ್ ಬರೋ ಹೊತ್ತಿಗೆ ಒಂದು ಕೈ ಕಂಬದಿಂದ ತೆಗೆದು ಸೆರಗಲ್ಲಿ ಒರೆಸ್ಕೊಂಡು "ಈಗ ಐದಿರ್ಬೋದು ನೋಡು" ಅಂದ್ರು, ಆಮೇಲೆ ಇಳಿದ್ವಿ. ಥೆರಪಿಸ್ಟ್ ಎಷ್ಟು ಸಲ ಹೇಳಿದ್ರೂ ಅರ್ಥ ಆಗದೇ ಇದ್ದಿದ್ದು ಅವತ್ತು ಇಬ್ಬರಿಗೂ ಅರ್ಥ ಆಯ್ತು.

ಒಂದು ಮೆಟ್ಟಿಲು ಒಂದ್ಸಲ ಮಾಡಿ ಬಿಡೋದಲ್ಲ, ವಾರದಲ್ಲಿ ಮೂರು ನಾಲ್ಕು ದಿನನಾದ್ರೂ ಮಾಡ್ಬೇಕು. ಈಜು ಕಲಿಯೋವಾಗ ತಿಂಗಳಿಗೊಂದ್ಸಲ ನೀರಿಗಿಳಿದ್ರೆ ಪ್ರತಿ ಸಲಾನೂ ಮೊದಲಿಂದ ಕಲಿತಂಗೆ ಆಗುತ್ತಲ್ಲ, ಹಾಗೇ ಇದೂ. ಹೋಗೋ ಮುಂಚೆ "ಏನಾಗುತ್ತೆ ಅಂತ ನಂಗೆ ಭಯ" ಅಂತ ಒಂದು ಸಾಲು ಬರೀರಿ, ಉದಾಹರಣೆಗೆ "ಉಸಿರು ನಿಂತು ಹೋಗುತ್ತೆ", "ಎಲ್ಲರೂ ನನ್ನೇ ನೋಡ್ತಾರೆ" ಅಂತ. ಬಂದ್ಮೇಲೆ ಅದರ ಕೆಳಗೆ ನಿಜವಾಗಿ ಏನಾಯ್ತು ಅಂತ ಬರೀರಿ. ಈ ಎರಡು ಸಾಲು ಬರೆಯೋದನ್ನ ಬಿಡ್ಬೇಡಿ, ಭಯ ಕಮ್ಮಿ ಆಗೋದಕ್ಕಿಂತ ಮುಂಚೆ, ಏನೋ ಆಗ್ಬಿಡುತ್ತೆ ಅನ್ನೋ ಈ ನಂಬಿಕೆ ಬದಲಾಗೋಕೆ ಶುರುವಾಗುತ್ತೆ.

ಒಳಗಿದ್ದಾಗ ಅಲೆ ಬಂದ್ರೆ

ಉಸಿರು ಜೋರಾಗಿ ಎಳೀಬೇಡಿ, ನಿಧಾನಕ್ಕೆ ಬಿಡಿ. ಮೂಗಿಂದ ನಾಲ್ಕು ಎಣಿಸೋ ಅಷ್ಟು ತಗೊಂಡು, ಆರು ಎಣಿಸೋ ಅಷ್ಟು ಹೊತ್ತು ಬಿಡೋದು, ಹೊಟ್ಟೆ ಮೇಲೆ ಒಂದು ಕೈ ಇಟ್ಕೊಂಡ್ರೆ ಸರಿಯಾಗಿ ಆಗ್ತಿದ್ಯಾ ಅಂತ ಗೊತ್ತಾಗುತ್ತೆ. ಭುಜ ಕಿವಿ ಹತ್ರ ಏರಿರುತ್ತೆ, ಇಳಿಸಿ. ಕಣ್ಣು ನೆಲದ ಮೇಲೆ ನೆಡೋ ಬದಲು ಎದುರಿಗಿರೋ ಬೋರ್ಡ್ ಓದಿ, ಎದುರು ಕೂತಿರೋ ಅಜ್ಜಿ ಬುಟ್ಟೀಲಿ ಏನಿದೆ ನೋಡಿ, ಗಮನ ಹೊರಗೆ ಬರ್ಲಿ. ದೇವರ ನಾಮ, ಮಂತ್ರ ಹೇಳ್ಕೊಳ್ಳೋವ್ರು ಹೇಳ್ಕೊಳ್ಳಿ, ಅದರ ಲಯಕ್ಕೆ ಉಸಿರು ತಾನಾಗೇ ನಿಧಾನ ಆಗುತ್ತೆ, ಆದ್ರೆ ಭಯ ಓಡಿಸೋಕೆ ಅಂತ ಗಡಿಬಿಡೀಲಿ ಹೇಳ್ಬೇಡಿ. ಭಯದ ಜೊತೆ ಜಗಳಕ್ಕೆ ನಿಂತ್ರೆ ಅದು ಬಲ ಆಗುತ್ತೆ. "ಬಂದಿದೆ, ಇರ್ಲಿ, ಹೋಗುತ್ತೆ" ಅಷ್ಟು ಸಾಕು.

ಆಮೇಲೆ ಈ ಊರುಗೋಲುಗಳ ವಿಷ್ಯ. ಯಾವಾಗ್ಲೂ ನೀರಿನ ಬಾಟಲ್ ಕೈಯಲ್ಲೇ, ಯಾವಾಗ್ಲೂ ಬಾಗಿಲ ಪಕ್ಕದ ಸೀಟೇ, ಯಾವಾಗ್ಲೂ ಫೋನಲ್ಲಿ ಯಾರಾದ್ರೂ ಲೈನಲ್ಲಿರ್ಬೇಕು, ಪರ್ಸಲ್ಲಿ ಮಾತ್ರೆ ಇಲ್ದಿದ್ರೆ ಹೊರಗೇ ಕಾಲಿಡಲ್ಲ. ಶುರುವಲ್ಲಿ ಇವೆಲ್ಲ ಇರ್ಲಿ ಪರವಾಗಿಲ್ಲ, ಆದ್ರೆ ಒಂದೊಂದಾಗಿ ಬಿಡ್ತಾ ಬರ್ಬೇಕು, ಇಲ್ಲಾಂದ್ರೆ "ಬಾಟಲ್ ಇದ್ದಿದ್ದಕ್ಕೆ ಆಯ್ತು" ಅಂತ್ಲೇ ಮನಸ್ಸು ಹೇಳ್ತಿರುತ್ತೆ. ಜೊತೆಗೆ ಬರೋವ್ರೂ ಹಾಗೇ, ಮೊದಲು ಪಕ್ಕದಲ್ಲಿ, ಆಮೇಲೆ ಅದೇ ಟ್ರೈನಿನ ಬೇರೆ ಬೋಗೀಲಿ, ಆಮೇಲೆ ಮುಂದಿನ ಸ್ಟೇಷನ್ನಲ್ಲಿ ಕಾಯೋದು, ಆಮೇಲೆ ಮನೇಲಿ.

ಲಿಫ್ಟು, ಎಂಆರ್‌ಐ

ಲಿಫ್ಟಲ್ಲಿ ಗಾಳಿ ಖಾಲಿ ಆಗಲ್ಲ, ಅದು ಗಾಳಿಯಾಡದ ಡಬ್ಬಿ ಅಲ್ಲ, ಗಾಳಿಗೆ ಕಿಂಡಿಗಳಿರುತ್ತೆ, ಕರೆಂಟ್ ಹೋದ್ರೂ ಉಸಿರಾಡೋಕೆ ತೊಂದರೆ ಇಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಎಆರ್‌ಡಿ ಇದ್ಯಾ ಅಂತ ಕೇಳಿ, ಕರೆಂಟ್ ಹೋದಾಗ ಬ್ಯಾಟರಿಯಿಂದ ಹತ್ತಿರದ ಫ್ಲೋರಿಗೆ ತಂದು ಬಾಗಿಲು ತೆಗೆಯೋ ಸಾಧನ ಅದು. ಇಲ್ಲಾಂದ್ರೆ ಅಸೋಸಿಯೇಷನ್ ಮೀಟಿಂಗಲ್ಲಿ ಕೇಳಿ ಹಾಕಿಸಿ, ವಯಸ್ಸಾದವ್ರಿಗೂ ಬೇಕು. ಸಿಕ್ಕಾಕ್ಕೊಂಡ್ರೆ ಅಲಾರಂ ಒತ್ತಿ ಒಳಗೇ ಇರಿ, ಬಾಗಿಲನ್ನ ಕೈಯಲ್ಲಿ ಎಳೆದು ನೆಗೆಯೋದು ಮಾತ್ರ ಯಾವತ್ತೂ ಬೇಡ, ಲಿಫ್ಟ್ ವಿಷ್ಯದಲ್ಲಿ ನಿಜವಾದ ಅಪಾಯ ಅಲ್ಲಿರೋದು. ಎಂಆರ್‌ಐ ಬರೆದುಕೊಟ್ಟಿದ್ರೆ ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ನಿಮ್ಮ ಭಯ ಹೇಳಿಬಿಡಿ, ಅವರಿಗೆ ಇದು ದಿನಾ ನೋಡೋ ವಿಷ್ಯ. ಕೈಗೆ ಒತ್ತೋ ಬೆಲ್ ಕೊಡ್ತಾರೆ, ಒಳಗೆ ತಳ್ಳೋ ಮುಂಚೇನೇ ಕಣ್ಣು ಮುಚ್ಕೊಂಡು ಹೊರಗೆ ಬರೋ ತನಕ ತೆಗೀಬೇಡಿ, ಮಂಡಿ ಸ್ಕ್ಯಾನ್ ಆದ್ರೆ ಕಾಲು ಮುಂದಾಗಿ ಹೋಗುತ್ತೆ, ತಲೆ ಬಹುಪಾಲು ಹೊರಗೇ ಇರುತ್ತೆ. ತೀರಾ ಆಗಲ್ಲ ಅಂದ್ರೆ ಮತ್ತು ಬರೋ ಔಷಧಿ ಕೊಟ್ಟು ಮಾಡ್ತಾರೆ, ಜೊತೆಗೊಬ್ರು ಇರ್ಬೇಕು, ಅವತ್ತು ಗಾಡಿ ಓಡಿಸ್ಬಾರ್ದು.

ಛತ್ರ ಮತ್ತೆ ತಿರುಪತಿ

ಛತ್ರದಲ್ಲಿ ಕಷ್ಟ ಆಗೋದು ಊಟದ ಹಾಲಲ್ಲಿ. ನೀವಿನ್ನೂ ಅನ್ನ ಸಾರಲ್ಲಿರ್ತೀರ, ಮುಂದಿನ ಪಂಕ್ತಿಯವ್ರು ಆಗ್ಲೇ ನಿಮ್ಮ ಕುರ್ಚಿ ಹಿಡ್ಕೊಂಡು ಬೆನ್ನ ಹಿಂದೆ ನಿಂತಿರ್ತಾರೆ, ಎರಡು ಸಾಲಿನ ಮಧ್ಯೆ ಬಡಿಸೋವ್ರು ಬಕೆಟ್ ಹಿಡ್ಕೊಂಡು ಓಡ್ತಿರ್ತಾರೆ, ಮಜ್ಜಿಗೆ ಬರೋ ತನಕ ಏಳೋ ಹಾಗೂ ಇಲ್ಲ. ಭಯ ಇಲ್ದಿರೋವ್ರಿಗೂ ಇದು ಕಿರಿಕಿರೀನೇ. ಮೊದಮೊದಲು ಕೊನೇ ಪಂಕ್ತೀಲಿ ಕೂರಿ, ಹಿಂದೆ ಯಾರೂ ನಿಲ್ಲಲ್ಲ. ಅದಕ್ಕೆ ಅಭ್ಯಾಸ ಆದ್ಮೇಲೆ ಎರಡನೇ ಪಂಕ್ತೀಲಿ ಸಾಲಿನ ತುದೀಲಿ, ಆಮೇಲೆ ಮಧ್ಯದಲ್ಲಿ. ಊಟ ಬಿಟ್ಟು ಬರೋ ಅಭ್ಯಾಸ ಮಾತ್ರ ಬೆಳೆಸ್ಕೊಳ್ಬೇಡಿ, ಒಂದ್ಸಲ ಬಿಟ್ರೆ ಮುಂದಿನ ಮದುವೆಗೆ ಹೋಗೋದೇ ಬಿಡ್ತೀರ.

ತಿರುಮಲದ ವೈಕುಂಠಂ ಕ್ಯೂ ಕಾಂಪ್ಲೆಕ್ಸ್ ಬಗ್ಗೆ ತುಂಬ ಜನಕ್ಕೆ ಭಯ, ಆಸೆ ಎರಡೂ ಇದೆ. ಕಂಪಾರ್ಟ್‌ಮೆಂಟಲ್ಲಿ ಕೂರಿಸಿ ಗೇಟ್ ಹಾಕ್ತಾರೆ, ಸರದಿ ಬರೋ ತನಕ ಗಂಟೆಗಟ್ಟಲೆ ಕಾಯ್ಬೇಕು. ಒಳಗೆ ಟಾಯ್ಲೆಟ್ ಇದೆ, ಹಾಲು, ಊಟ ಕೊಡ್ತಾರೆ, ಕೂರೋಕೆ ಜಾಗ ಇರುತ್ತೆ, ಅಂದ್ರೆ ಉಸಿರು ಕಟ್ಟೋ ಜಾಗ ಅಲ್ಲ ಅದು, ಗೇಟ್ ಹಾಕಿದ್ದಾರೆ ಅನ್ನೋ ಯೋಚನೆ ಕಾಡೋದು. 300 ರೂಪಾಯಿ ವಿಶೇಷ ಪ್ರವೇಶ ದರ್ಶನಕ್ಕೆ ಮುಂಚೇನೇ ಆನ್‌ಲೈನಲ್ಲಿ ಸ್ಲಾಟ್ ಬುಕ್ ಮಾಡಿದ್ರೆ ಕಾಯೋದು ಸಾಮಾನ್ಯವಾಗಿ ಕಮ್ಮಿ ಆಗುತ್ತೆ, ಮೊದಲ ಸಲಕ್ಕೆ ಅದು ಸರಿ. ಆದ್ರೆ ವೈಕುಂಠ ಏಕಾದಶಿ ದಿನಾನೇ ಹೋಗಿ ಧೈರ್ಯ ಪರೀಕ್ಷೆ ಮಾಡ್ಕೊಳ್ಬೇಡಿ. ಹಾಸನಾಂಬೆ ದರ್ಶನಕ್ಕೂ ಇದೇ ಮಾತು, ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಿಗೆ ಬಾಗಿಲು ತೆಗೆಯೋದ್ರಿಂದ ಕ್ಯೂ ಉದ್ದ ಇದ್ದೇ ಇರುತ್ತೆ, ವೀಕೆಂಡ್ ಬಿಟ್ಟು ಹೋಗಿ.

ಎಲ್ಲಾ ಭಯಾನೂ ಸುಳ್ಳಲ್ಲ

ಇದನ್ನ ಹೇಳ್ದೆ ಈ ಬರಹ ಮುಗಿಸೋಕೆ ನಂಗೆ ಮನಸ್ಸಿಲ್ಲ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ರ ಕಾಲ್ತುಳಿತ ಆಗಿ 11 ಜನ ಹೋದ್ರು, ಎಳೇ ವಯಸ್ಸಿನವ್ರು. ಕಬ್ಬನ್ ಪಾರ್ಕ್ ಸ್ಟೇಷನ್ನಿಂದ ಹೊರಗೆ ಬಂದ್ರೆ ಅದೇ ಸ್ಟೇಡಿಯಂ. ಅವತ್ತಿಂದ "ಜನ ಅಂದ್ರೆ ಭಯ" ಅನ್ನೋವ್ರಿಗೆ "ಸುಮ್ನೆ ಭಯ ಪಡ್ತೀಯ" ಅನ್ನೋ ಹಕ್ಕು ಯಾರಿಗೂ ಇಲ್ಲ ಅನ್ಸುತ್ತೆ ನಂಗೆ. ಪ್ರಾಕ್ಟೀಸ್ ಮಾಡ್ಬೇಕಾಗಿರೋದು ಅಪಾಯ ಇಲ್ಲದ ಜಾಗದಲ್ಲಿ ಬರೋ ಭಯಕ್ಕೆ. ನಿಜವಾದ ಅಪಾಯದ ಗುರುತು ಬೇರೆ: ನಾಲ್ಕೂ ಕಡೆ ಮೈ ತಾಗ್ತಿದೆ, ಕೈ ಎತ್ತಿ ಮುಖ ಮುಟ್ಕೊಳ್ಳೋಕೆ ಆಗ್ತಿಲ್ಲ, ನೀವು ನಡೀತಿಲ್ಲ, ಜನರ ಅಲೆ ನಿಮ್ಮನ್ನ ಆ ಕಡೆ ಈ ಕಡೆ ಒಯ್ತಿದೆ. ಆ ಮಟ್ಟಕ್ಕೆ ಹೋಗೋಕೆ ಮುಂಚೇನೇ, ಇನ್ನೂ ನಡೆಯೋಕೆ ಜಾಗ ಇದ್ದಾಗ್ಲೇ ಹೊರಟುಬಿಡಿ. ಸಿಕ್ಕಾಕ್ಕೊಂಡ್ರೆ ಎರಡೂ ಕೈ ಮಡಿಸಿ ಎದೆ ಮುಂದೆ ಗಟ್ಟಿಯಾಗಿ ಇಟ್ಕೊಳ್ಳಿ, ಎದೆ ಹಿಗ್ಗೋಕೆ ಜಾಗ ಬೇಕು. ಅಲೆಗೆ ಎದುರು ತಳ್ಬೇಡಿ, ಒಂದು ಅಲೆ ನಿಂತು ಇನ್ನೊಂದು ಬರೋ ಮಧ್ಯೆ ಓರೆಯಾಗಿ ಅಂಚಿನ ಕಡೆ ಸರೀರಿ, ಗೋಡೆ, ಬ್ಯಾರಿಕೇಡ್, ಗೇಟಿಗೆ ಒತ್ತಿ ನಿಲ್ಬೇಡಿ. ಚಪ್ಪಲಿ, ಮೊಬೈಲ್ ಬಿದ್ರೆ ಬಗ್ಗಲೇಬೇಡಿ. ಸಣ್ಣ ಮಕ್ಕಳನ್ನ ಇಂಥ ಕಡೆ ಕರ್ಕೊಂಡೇ ಹೋಗ್ಬೇಡಿ. ಇದನ್ನ ತಿಳ್ಕೊಂಡ್ಮೇಲೆ ಅತ್ತಿಗೆಗೆ ಮೆಟ್ರೋ ಭಯ ಇನ್ನೂ ಕಮ್ಮಿ ಆಯ್ತು, ಎಲ್ಲಿ ನಿಜವಾಗ್ಲೂ ಹೆದರ್ಬೇಕು ಅಂತ ಗೊತ್ತಾದಾಗ ಉಳಿದ ಕಡೆ ಮನಸ್ಸು ಸಡಿಲ ಆಗುತ್ತೆ.

ಮನೆಯವ್ರಿಗೆ

"ಏನೂ ಆಗಲ್ಲ ಬಾ", "ಎಲ್ಲರೂ ಹೋಗ್ತಿಲ್ವಾ", "ಮೊಬೈಲ್ ನೋಡಿ ನೋಡಿ ಹೀಗಾಗಿದೆ", ಇದ್ಯಾವುದೂ ಸಹಾಯ ಮಾಡಲ್ಲ. ಮೊಬೈಲ್ ಬರೋಕೆ ಎಷ್ಟೋ ಮುಂಚಿಂದ ಈ ಭಯ ಇದೆ, ಚೌಕ, ಬೀದಿ ದಾಟೋಕೆ ಹೆದರೋ ರೋಗಿಗಳ ಬಗ್ಗೆ ಜರ್ಮನಿಯ ಕಾರ್ಲ್ ವೆಸ್ಟ್‌ಫಾಲ್ ಅನ್ನೋ ಡಾಕ್ಟರ್ 1871ರಲ್ಲೇ ಬರ್ದಿದಾರೆ. ಕೈ ಹಿಡಿದು ಎಳೀಬೇಡಿ, ಹೇಳ್ದೆ ಕೇಳ್ದೆ ರಶ್ ಇರೋ ಕಡೆ ಕರ್ಕೊಂಡು ಹೋಗ್ಬೇಡಿ, ಒಂದ್ಸಲ ಹಾಗೆ ಮಾಡಿದ್ರೆ ನಿಮ್ಮ ಜೊತೆ ಬರೋದನ್ನೇ ಬಿಡ್ತಾರೆ. ಹಾಗಂತ ಎಲ್ಲಾ ಕೆಲಸ ನೀವೇ ಮಾಡ್ಕೊಡೋದೂ ಬೇಡ, ಅದು ಪ್ರೀತಿಯಿಂದ ಮಾಡೋದೇ, ಆದ್ರೆ ಭಯಕ್ಕೆ ಮನೇಲಿ ಒಂದು ಪರ್ಮನೆಂಟ್ ಜಾಗ ಸಿಕ್ಕಂಗಾಗುತ್ತೆ. ಪಕ್ಕದಲ್ಲಿ ನಿಂತು "ಈಗ ಎಷ್ಟಿದೆ?" ಅಂತ ಕೇಳಿ, ಉತ್ತರ ಕೇಳಿ ಸುಮ್ನಿರಿ. ದೃಷ್ಟಿ ತೆಗೀತೀವಿ, ಗಾಳಿ ಸೋಕಿದೆ, ತಾಯತ ಕಟ್ಟಿಸ್ತೀವಿ ಅನ್ನೋ ಹಿರಿಯರ ಜೊತೆ ಜಗಳ ಮಾಡ್ಬೇಕಾಗಿಲ್ಲ, ಅವರಿಗೆ ಸಮಾಧಾನ ಆಗೋದಾದ್ರೆ ಆಗ್ಲಿ, ಆದ್ರೆ ಡಾಕ್ಟರ ಹತ್ರ ಹೋಗೋದನ್ನ ಅದಕ್ಕೋಸ್ಕರ ಮುಂದೆ ಹಾಕ್ಬೇಡಿ.

ಯಾವಾಗ, ಎಲ್ಲಿ ತೋರಿಸ್ಬೇಕು

ತಿಂಗಳುಗಟ್ಟಲೆ ಇದೆ, ಕೆಲಸ, ಕಾಲೇಜ್ ತಪ್ಪಿಸ್ತಿದೆ, ಮನೆಯಿಂದ ಒಬ್ಬರೇ ಹೊರಗೆ ಹೋಗೋಕೆ ಆಗ್ತಿಲ್ಲ, ಧೈರ್ಯಕ್ಕೆ ಕುಡಿಯೋ ಅಭ್ಯಾಸ ಆಗಿದೆ, ಬದುಕೇ ಬೇಡ ಅನ್ಸಿದೆ, ಇವುಗಳಲ್ಲಿ ಒಂದಿದ್ರೂ ಒಬ್ಬರೇ ಪ್ರಾಕ್ಟೀಸ್ ಮಾಡ್ತಾ ಕೂರ್ಬೇಡಿ. ಟೆಲಿ ಮನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ 14416ಗೆ ಫೋನ್ ಮಾಡಿ, 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು, 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಬೆಂಗಳೂರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಮೊದಲೇ ವಿಚಾರಿಸ್ಕೊಂಡು ಹೋಗಿ. ಹೋದಾಗ ಸಿಬಿಟಿ ಮಾಡೋವ್ರು ಇದಾರಾ ಅಂತ ಕೇಳಿ, ಈ ಥರ ಭಯಕ್ಕೆ ಚೆನ್ನಾಗಿ ಕೆಲಸ ಮಾಡೋ ಮಾತಿನ ಚಿಕಿತ್ಸೆ ಅದು.

ಮಾತ್ರೆ ಬಗ್ಗೆ ಒಂದೆರಡು ಮಾತು. ಆತಂಕಕ್ಕೆ ದಿನಾ ತಗೊಳ್ಳೋ ಎಸಿಟಲೊಪ್ರಾಂ ಥರದ ಮಾತ್ರೆಗಳನ್ನ ಡಾಕ್ಟರ್ ಬರೆದ್ರೆ ಅದು ಕೆಲಸ ಮಾಡೋಕೆ ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಜಾಸ್ತಿ ಆಗ್ಬೋದು, ಹಾಗಾದ್ರೆ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸ್ಬೇಡಿ. ಆತಂಕವನ್ನ ತಕ್ಷಣಕ್ಕೆ ಇಳಿಸೋ ಅಲ್ಪ್ರಜೋಲಂ ಅನ್ನೋ ಮಾತ್ರೇನ ಮಾತ್ರ ಯಾರದ್ದೋ ಚೀಟಿ ತೋರಿಸಿ ಮೆಡಿಕಲ್ ಶಾಪಿಂದ ತಗೊಂಡು ನುಂಗೋದು ಬೇಡ. ತಕ್ಷಣ ಆರಾಮ ಅನ್ಸುತ್ತೆ ನಿಜ, ಆದ್ರೆ ಚಟ ಆಗುತ್ತೆ, ತುಂಬ ದಿನ ತಗೊಂಡು ತಟ್ಟನೆ ಬಿಟ್ರೆ ಫಿಟ್ಸ್ ಕೂಡ ಬರ್ಬೋದು. ಅದನ್ನ ನುಂಗಿ ಮೆಟ್ರೋ ಹತ್ತಿದ್ರೆ ಪ್ರಾಕ್ಟೀಸಿಂದ ಕಲಿಯೋದೂ ಕಮ್ಮಿ ಆಗುತ್ತೆ. ಈಗಾಗ್ಲೇ ದಿನಾ ತಗೋತಿದ್ರೆ ಡಾಕ್ಟರ ಹತ್ರ ಹೇಳಿ ಸ್ವಲ್ಪ ಸ್ವಲ್ಪವಾಗಿ ಇಳಿಸ್ಕೊಳ್ಳಿ.

ಸರಿಹೋದ್ಮೇಲೆ ಜ್ವರ ಬಂದು ಮಲಗಿದ್ದಾಗ, ಬಾಣಂತನ ಆದ್ಮೇಲೆ, ವರ್ಕ್ ಫ್ರಮ್ ಹೋಮ್ ಅಂತ ತಿಂಗಳುಗಟ್ಟಲೆ ಮನೇಲೇ ಇದ್ದಾಗ ಭಯ ಮತ್ತೆ ತಲೆ ಎತ್ತೋದುಂಟು. ಆಗ ಹಳೇ ಹಾಳೆ ತೆಗೆದು ಎರಡು ಮೆಟ್ಟಿಲು ಕೆಳಗಿಂದ ಶುರು ಮಾಡಿ, ಪೂರ್ತಿ ಮೊದಲಿಂದ ಬೇಕಾಗಲ್ಲ, ಎರಡನೇ ಸಲ ಸಾಮಾನ್ಯವಾಗಿ ಬೇಗ ಹತ್ತುತ್ತೆ.